ಕಾವೊ ಗ್ರಾಂಡೆ: 663 ಮೀಟರಿನ ಶಿಖರವೊಂದು ಅಷ್ಟೇಕೆ ಕಠಿಣ?

ಆಫ್ರಿಕಾದ ಪಶ್ಚಿಮ ಕರಾವಳಿಯಾಚೆ, ಗಿನಿ ಕೊಲ್ಲಿಯಲ್ಲಿರುವ ಸಾವೊ ಟೊಮೆ ದ್ವೀಪದಲ್ಲಿ ಎರಡು ಶಿಖರಗಳು ಹೆಸರುವಾಸಿ. ಒಂದು, ದ್ವೀಪದ ಅತಿ ಎತ್ತರದ ಬೆಟ್ಟವಾದ ಪಿಕೊ ಡಿ ಸಾವೊ ಟೊಮೆ. ಅದರ ಎತ್ತರ 2,024 ಮೀಟರ್. ಕಾಲಲ್ಲಿ ಕಸುವು, ದಾರಿ ಬಲ್ಲ ಜೊತೆಗಾರ ಮತ್ತು ಎರಡು ದಿನಗಳ ಬಿಡುವು ಇದ್ದವರು ಅದನ್ನು ನಡೆದೇ ಹತ್ತಿ ಇಳಿಯುತ್ತಾರೆ. ಇನ್ನೊಂದು, ದಕ್ಷಿಣದ ಕಾಡಿನ ನಡುವೆ ನೆಟ್ಟ ಕಂಬದಂತೆ ನಿಂತಿರುವ ಪಿಕೊ ಕಾವೊ ಗ್ರಾಂಡೆ. ಸಮುದ್ರಮಟ್ಟದಿಂದ ಅದು ಕೇವಲ 663 ಮೀಟರ್ ಎತ್ತರದಲ್ಲಿದೆ, ಅಂದರೆ ಮೊದಲನೆಯದರ ಮೂರನೆಯ ಒಂದು ಭಾಗಕ್ಕಿಂತಲೂ ತುಸು ಕಡಿಮೆ. ಆದರೂ ಅದರ ನೆತ್ತಿಯ ಮೇಲೆ ಕಾಲಿಟ್ಟವರು ಬಹಳ ಕಡಿಮೆ. ಬೆಟ್ಟದ ಕಷ್ಟವನ್ನು ಎತ್ತರದಿಂದ ಅಳೆಯುವ ನಮ್ಮ ರೂಢಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಈ ಶಿಖರವನ್ನು ಕಠಿಣಗೊಳಿಸಿರುವುದು ಅದರ ಕಲ್ಲು, ಅದರ ಮೇಲೆ ಬೀಳುವ ಮಳೆ ಮತ್ತು ಆ ಮಳೆಯಿಂದ ಬದುಕುವ ಕಾಡು. ಈ ಮೂರೂ ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂಬುದನ್ನು ತಿಳಿದರೆ, ಅಲ್ಲಿಗೆ ಹೋಗುವುದು ಹೇಗೆ, ಹತ್ತುವುದು ಹೇಗೆ, ಯಾರು ಹತ್ತಬಾರದು ಎಂಬ ಪ್ರಶ್ನೆಗಳಿಗೂ ಉತ್ತರ ಸಿಗುತ್ತದೆ.

ಸಾವೊ ಟೊಮೆ ಮತ್ತು ಪ್ರಿನ್ಸಿಪೆ ಎರಡು ಮುಖ್ಯ ದ್ವೀಪಗಳ ಪುಟ್ಟ ದೇಶ. ಪೋರ್ಚುಗಲ್ಲಿನ ವಸಾಹತಾಗಿದ್ದ ಇದು 1975ರ ಜುಲೈ 12ರಂದು ಸ್ವತಂತ್ರವಾಯಿತು. ಆಡಳಿತದ ಭಾಷೆ ಇಂದಿಗೂ ಪೋರ್ಚುಗೀಸ್. ಮನೆಗಳಲ್ಲಿ, ಸಂತೆಗಳಲ್ಲಿ ಫೊರೊ, ಅಂಗೊಲಾರ್ ಮುಂತಾದ ಕ್ರಿಯೋಲ್ ಭಾಷೆಗಳೂ ಕೇಳಿಸುತ್ತವೆ. ಭೂಮಧ್ಯರೇಖೆಯು ಸಾವೊ ಟೊಮೆಯ ದಕ್ಷಿಣ ತುದಿಗೆ ಅಂಟಿದಂತಿರುವ ರೋಲಾಸ್ ಎಂಬ ಕಿರುದ್ವೀಪದ ಮೇಲೆ ಹಾದುಹೋಗುತ್ತದೆ. ಕಾವೊ ಗ್ರಾಂಡೆ ಇರುವುದು ಅದೇ ದಕ್ಷಿಣ ಭಾಗದ ಕಾವೆ ಜಿಲ್ಲೆಯಲ್ಲಿ, ಓಬೊ ರಾಷ್ಟ್ರೀಯ ಉದ್ಯಾನದ ಕಾಡಿನೊಳಗೆ. ಓಬೊ ಎಂದರೆ ಅಲ್ಲಿನವರ ಮಾತಿನಲ್ಲಿ ಕಾಡು ಎಂದೇ ಅರ್ಥ. ಕಾವೊ ಗ್ರಾಂಡೆ ಎಂಬ ಪೋರ್ಚುಗೀಸ್ ಹೆಸರಿಗೆ ದೊಡ್ಡ ನಾಯಿ ಎಂಬ ಅರ್ಥವಿದೆ. ಹತ್ತಿರದಲ್ಲೇ ಇದೇ ಬಗೆಯ, ಗಾತ್ರದಲ್ಲಿ ಕಿರಿದಾದ ಇನ್ನೊಂದು ಕಲ್ಲುಗೂಟವಿದ್ದು, ಅದನ್ನು ಕಾವೊ ಪೆಕೆನೊ, ಅಂದರೆ ಚಿಕ್ಕ ನಾಯಿ ಎಂದು ಕರೆಯುತ್ತಾರೆ.

ಈಗ ಕಲ್ಲಿನ ವಿಷಯಕ್ಕೆ ಬರೋಣ. ಸಾವೊ ಟೊಮೆಯು ಕಡಲ ತಳದಿಂದ ಎದ್ದ ಜ್ವಾಲಾಮುಖಿಯ ತುದಿ. ಆಫ್ರಿಕಾದ ನೆಲಕ್ಕೆ ಅದು ಎಂದೂ ಅಂಟಿಕೊಂಡಿರಲಿಲ್ಲ. ಅನೊಬೊನ್, ಸಾವೊ ಟೊಮೆ, ಪ್ರಿನ್ಸಿಪೆ, ಬಿಯೊಕೊ ಎಂಬ ದ್ವೀಪಗಳು ಒಂದೇ ಸಾಲಿನಲ್ಲಿ ನಿಂತಿವೆ. ಆ ಸಾಲು ಅಲ್ಲಿಗೇ ಮುಗಿಯದೆ ಭೂಖಂಡವನ್ನೇರಿ ಕ್ಯಾಮರೂನ್ ಬೆಟ್ಟದ ಮೂಲಕ ಒಳನಾಡಿಗೂ ಚಾಚುತ್ತದೆ. ಭೂವಿಜ್ಞಾನಿಗಳು ಇದನ್ನು ಕ್ಯಾಮರೂನ್ ಜ್ವಾಲಾಮುಖಿ ರೇಖೆ ಎನ್ನುತ್ತಾರೆ. ಹವಾಯಿಯಂತಹ ಸಾಲುಗಳಲ್ಲಿ ದ್ವೀಪಗಳ ವಯಸ್ಸು ಒಂದು ತುದಿಯಿಂದ ಇನ್ನೊಂದು ತುದಿಗೆ ಕ್ರಮವಾಗಿ ಏರುತ್ತದೆ, ಏಕೆಂದರೆ ಒಂದೇ ಬಿಸಿ ಚಿಲುಮೆಯ ಮೇಲೆ ಭೂಫಲಕ ನಿಧಾನವಾಗಿ ಸರಿಯುತ್ತಾ ಹೋಗಿರುತ್ತದೆ. ಕ್ಯಾಮರೂನ್ ರೇಖೆಯಲ್ಲಿ ಅಂಥ ಕ್ರಮ ಕಾಣುವುದಿಲ್ಲ. ಕ್ಯಾಮರೂನ್ ಬೆಟ್ಟ 1999 ಮತ್ತು 2000ದಲ್ಲಿ ಬೆಂಕಿಯುಗುಳಿದೆ. ಸಾವೊ ಟೊಮೆಯಲ್ಲಿ ಮಾತ್ರ ಮನುಷ್ಯರು ಬರೆದಿಟ್ಟ ಕಾಲದಲ್ಲಿ ಒಂದು ಸ್ಫೋಟವೂ ಆಗಿಲ್ಲ. ಈ ರೇಖೆ ಹುಟ್ಟಿದ್ದು ಹೇಗೆ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತ ಮೂಡಿಲ್ಲ.

ಕಾವೊ ಗ್ರಾಂಡೆಯ ಹುಟ್ಟನ್ನು ಅರ್ಥಮಾಡಿಕೊಳ್ಳಲು ಎರಕದ ಕೆಲಸವನ್ನು ನೆನೆದುಕೊಂಡರೆ ಸಾಕು. ಕುಶಲಕರ್ಮಿಯು ಮಣ್ಣಿನ ಅಚ್ಚಿನೊಳಗೆ ಕರಗಿದ ಲೋಹವನ್ನು ಹೊಯ್ಯುತ್ತಾನೆ, ಅದು ಆರಿದ ಮೇಲೆ ಅಚ್ಚನ್ನು ಒಡೆದು ತೆಗೆಯುತ್ತಾನೆ, ಉಳಿಯುವುದು ವಿಗ್ರಹ. ಇಲ್ಲಿ ಅಚ್ಚು ಎಂದರೆ ಹಳೆಯ ಜ್ವಾಲಾಮುಖಿಯ ಮೈ. ಬೂದಿ, ಸಡಿಲ ಕಲ್ಲುಚೂರು, ಬಿರುಕುಬಿಟ್ಟ ಲಾವಾ ಪದರಗಳಿಂದಾದ ಮೆತ್ತನೆಯ ಗುಡ್ಡ. ಅದರ ನಡುವಿನ ಕೊಳವೆಯಲ್ಲಿ ಮೇಲೇರುತ್ತಿದ್ದ ಶಿಲಾರಸ ಹೊರಗೆ ಹರಿಯದೆ ಅಲ್ಲಿಯೇ ನಿಂತು, ಸೀಸೆಯ ಬಾಯಿಗೆ ಜಡಿದ ಬಿರಡೆಯ ಹಾಗೆ ಗಟ್ಟಿಯಾಯಿತು. ಆಮೇಲೆ ಲಕ್ಷಾಂತರ ವರ್ಷ ಸುರಿದ ಮಳೆ ಹೊರಗಿನ ಮೆತ್ತನೆಯ ಮೈಯನ್ನು ಕರಗಿಸಿ ಕಡಲಿಗೆ ಸಾಗಿಸಿತು. ಗಟ್ಟಿಯಾದ ಬಿರಡೆಯನ್ನು ಮಾತ್ರ ಅದಕ್ಕೆ ಅಲುಗಿಸಲಾಗಲಿಲ್ಲ. ಹೀಗಾಗಿ ನಾವು ಇಂದು ನೋಡುತ್ತಿರುವುದು ಬೆಟ್ಟದ ಹೊರಮೈಯನ್ನಲ್ಲ, ಒಂದು ಕಾಲದಲ್ಲಿ ಬೆಟ್ಟದ ಹೊಟ್ಟೆಯೊಳಗೆ ಹುದುಗಿದ್ದ ಭಾಗವನ್ನು. ಸುತ್ತಲಿನ ನೆಲದಿಂದ ಅದು ಈಗ 370 ಮೀಟರಿಗಿಂತ ಹೆಚ್ಚು ಎತ್ತರಕ್ಕೆ ಒಮ್ಮೆಗೇ ಎದ್ದು ನಿಂತಿದೆ.

ಶಿಲಾರಸ ಕೊಳವೆಯಲ್ಲೇ ಏಕೆ ನಿಂತಿತು ಎಂಬುದಕ್ಕೂ ಕಾರಣವಿದೆ. ಈ ಕಲ್ಲಿನ ಹೆಸರು ಫೋನೊಲೈಟ್. ಸೋಡಿಯಂ ಮತ್ತು ಪೊಟ್ಯಾಸಿಯಂ ಹೇರಳವಾಗಿರುವ ಈ ಬಗೆಯ ಶಿಲಾರಸ, ಬಸಾಲ್ಟ್ ಆಗುವ ತೆಳು ಲಾವಾದಂತೆ ಸರಾಗವಾಗಿ ಹರಿಯುವುದಿಲ್ಲ. ಕಾಯ್ದು ಗಟ್ಟಿಯಾಗುತ್ತಿರುವ ಬೆಲ್ಲದ ಪಾಕದಂತೆ ಅದು ಎದ್ದಲ್ಲೇ ಗುಪ್ಪೆಯಾಗಿ ನಿಲ್ಲುತ್ತದೆ. ನಿಧಾನವಾಗಿ ತಣಿದು ಕುಗ್ಗುವಾಗ ಒಳಗೆ ಬಿರುಕುಗಳು ಮೂಡುತ್ತವೆ. ಆ ಬಿರುಕುಗಳು ಮೇಲಿನಿಂದ ಕೆಳಗೆ ಸಾಗಿದರೆ ಕಲ್ಲು ಚಪ್ಪಡಿಗಳಾಗಿ ಕಳಚಿ ಬೀಳುತ್ತದೆಯೇ ಹೊರತು ಇಳಿಜಾರಾಗಿ ಸವೆಯುವುದಿಲ್ಲ. ಗೋಡೆ ಕಡಿದಾಗಿಯೇ ಉಳಿಯುವುದರ ಗುಟ್ಟು ಇದು. ಫೋನೊಲೈಟ್ ಎಂಬ ಹೆಸರಿನಲ್ಲಿ ಧ್ವನಿ ಎಂಬ ಅರ್ಥದ ಗ್ರೀಕ್ ಮಾತು ಅಡಗಿದೆ. ಈ ಕಲ್ಲಿನ ತೆಳುವಾದ ಹಲಗೆಯನ್ನು ಸುತ್ತಿಗೆಯಿಂದ ತಟ್ಟಿದರೆ ಗಂಟೆಯಂತೆ ನಾದ ಹೊಮ್ಮುತ್ತದೆ ಎಂಬುದರಿಂದ ಆ ಹೆಸರು ಬಂದಿದೆ. ಆರೋಹಿಗಳಿಗೆ ಈ ಗುಣ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಯಾವ ಬಂಡೆಯ ಮೇಲಾದರೂ ಭಾರ ಹಾಕುವ ಮೊದಲು ಅವರು ಅದನ್ನು ಗೆಣ್ಣಿನಿಂದಲೋ ಸುತ್ತಿಗೆಯಿಂದಲೋ ತಟ್ಟಿ ಕೇಳುತ್ತಾರೆ. ಸದ್ದು ಬಿಗಿಯಾಗಿದ್ದರೆ ಕಲ್ಲು ಗಟ್ಟಿ. ಡೊಳ್ಳಿನಂತೆ ಪೊಳ್ಳಾಗಿ ಕೇಳಿಸಿದರೆ ಆ ಹಲಗೆ ಗೋಡೆಯಿಂದ ಬಿಟ್ಟುಕೊಂಡಿದೆ ಎಂದು ಅರ್ಥ.

ಎರಡನೆಯದು ಮಳೆ. ಗಿನಿ ಕೊಲ್ಲಿಯ ಮೇಲಿನಿಂದ ನೀರು ಹೊತ್ತು ಬರುವ ನೈಋತ್ಯದ ಗಾಳಿ ದ್ವೀಪದ ನಡುವಿನ ಎತ್ತರದ ಬೆಟ್ಟಗಳಿಗೆ ತಡೆದು ಮೇಲೇರುತ್ತದೆ, ತಣಿಯುತ್ತದೆ, ತನ್ನ ಹೊರೆಯನ್ನೆಲ್ಲ ದಕ್ಷಿಣ ಮತ್ತು ನೈಋತ್ಯದ ಇಳಿಜಾರುಗಳಲ್ಲೇ ಇಳಿಸುತ್ತದೆ. ಈಶಾನ್ಯದಲ್ಲಿರುವ ರಾಜಧಾನಿಯಲ್ಲಿ ವರ್ಷಕ್ಕೆ ಸುಮಾರು 1,000 ಮಿಲಿಮೀಟರ್ ಮಳೆಯಾದರೆ, ನೈಋತ್ಯದ ಕಾಡುಗಳಲ್ಲಿ 5,000 ಮಿಲಿಮೀಟರಿಗೂ ಮೀರಿ ಸುರಿಯುತ್ತದೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಐವತ್ತು ಕಿಲೋಮೀಟರ್ ಕೂಡ ಇಲ್ಲದ ದ್ವೀಪದಲ್ಲಿ ಇಷ್ಟೊಂದು ವ್ಯತ್ಯಾಸ! ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಒಣಕಾಲವನ್ನು ಅಲ್ಲಿನವರು ಗ್ರವಾನಾ ಎನ್ನುತ್ತಾರೆ. ಒಣಕಾಲ ಎಂಬ ಮಾತನ್ನು ನಂಬಿ ದಕ್ಷಿಣಕ್ಕೆ ಹೋದವರು ಮೋಸಹೋಗುತ್ತಾರೆ. ಆ ತಿಂಗಳುಗಳಲ್ಲಿ ಮಳೆಯ ಆರ್ಭಟ ಕಡಿಮೆಯಾಗುತ್ತದೆ ನಿಜ, ಆದರೆ ಮೋಡ ಶಿಖರಗಳನ್ನು ಬಿಟ್ಟು ಕದಲುವುದಿಲ್ಲ, ತುಂತುರು ಪೂರ್ತಿ ನಿಲ್ಲುವುದಿಲ್ಲ.

ಮಳೆ ಬಿದ್ದು ಹರಿದು ಹೋದರೆ ಕಲ್ಲು ಮತ್ತೆ ಒಣಗಬಹುದಿತ್ತು. ಆದರೆ ಇಲ್ಲಿ ಮೂರನೆಯದಾದ ಕಾಡು ನಡುವೆ ಬರುತ್ತದೆ. ಕೈಬೆರಳ ತುದಿಯಷ್ಟು ಅಗಲದ ಒಂದು ಸಂದನ್ನು ಹತ್ತಿರದಿಂದ ನೋಡಿದರೆ ವಿಷಯ ತಿಳಿಯುತ್ತದೆ. ಸಂದಿನ ಅಂಚಿಗೆ ಹಾವಸೆ ಹಿಡಿದಿರುತ್ತದೆ. ಹಾವಸೆ ಸ್ಪಂಜಿನಂತೆ ನೀರನ್ನು ಹೀರಿ ದಿನಗಟ್ಟಲೆ ಇಟ್ಟುಕೊಳ್ಳುತ್ತದೆ. ಅದು ಸತ್ತು ಕೊಳೆತಾಗ ಒಂದು ಚಿಟಿಕೆ ಕಪ್ಪು ಮಣ್ಣಾಗುತ್ತದೆ. ಆ ಮಣ್ಣಿನಲ್ಲಿ ಜರೀಗಿಡ ಬೇರು ಬಿಡುತ್ತದೆ. ಜರೀಗಿಡದ ಬುಡದಲ್ಲಿ ಇನ್ನಷ್ಟು ಮಣ್ಣು ಸೇರುತ್ತದೆ. ಆರೋಹಿಯ ಬೆರಳು ಹುಡುಕುವುದೂ ಇದೇ ಸಂದನ್ನೇ. ಅವನು ಮೊದಲು ಗಿಡವನ್ನು ಕಿತ್ತು, ಮಣ್ಣನ್ನು ಕೆರೆದು, ಕಲ್ಲನ್ನು ಬ್ರಷ್ಷಿನಿಂದ ಉಜ್ಜಿ, ಆಮೇಲೆ ಬೆರಳಿಟ್ಟು ನೋಡಬೇಕು. ಆಗಲೂ ಒಳಗಿನಿಂದ ನೀರು ಜಿನುಗುತ್ತಲೇ ಇರಬಹುದು. ಗೋಡೆಯ ಕೆಳಭಾಗ ಹಲವೆಡೆ ನೇರಕ್ಕಿಂತಲೂ ಮುಂದಕ್ಕೆ ಬಾಗಿರುವುದರಿಂದ, ಮೇಲಿನಿಂದ ಉದುರುವ ಹನಿಗಳು ಕಲ್ಲನ್ನು ಮುಟ್ಟದೆ ದೂರಕ್ಕೆ ಬೀಳುವ ಜಾಗಗಳೂ ಇವೆ. ಬಾಗಿದ ಗೋಡೆ ತೋಳುಗಳಿಗೆ ಶತ್ರು, ಆದರೆ ಒಣ ಕಲ್ಲನ್ನು ಉಳಿಸಿಕೊಡುವುದೂ ಅದೇ.

ಈ ಕಾಡಿನ ಬಗ್ಗೆ ಇನ್ನೂ ಒಂದು ಮಾತು ಹೇಳಲೇಬೇಕು, ಏಕೆಂದರೆ ಅದನ್ನು ಬರಿಯ ಅಡ್ಡಿ ಎಂದು ಕಾಣುವುದು ಅನ್ಯಾಯ. ಭೂಖಂಡದಿಂದ ಬೇರೆಯಾಗಿಯೇ ಹುಟ್ಟಿದ ದ್ವೀಪಕ್ಕೆ ಯಾವ ಜೀವಿಯಾದರೂ ಹಾರಿಯೋ ತೇಲಿಯೋ ಬರಬೇಕು, ಬಂದ ಮೇಲೆ ತನ್ನ ದಾರಿಯಲ್ಲಿ ಬದಲಾಗಬೇಕು. ಹಾಗಾಗಿ ಲೋಕದ ಬೇರೆಲ್ಲೂ ಇಲ್ಲದ ಹಕ್ಕಿಗಳು ಇಲ್ಲಿವೆ. ಸಾವೊ ಟೊಮೆಯ ಕುಳ್ಳ ಐಬಿಸ್ ಅವುಗಳಲ್ಲಿ ಒಂದು, ಮತ್ತು ಅದು ಉಳಿದಿರುವುದು ಹೆಚ್ಚಾಗಿ ಇದೇ ದಕ್ಷಿಣದ ತಗ್ಗುಕಾಡುಗಳಲ್ಲಿ. ಉಪ್ಪುನೀರನ್ನು ತಾಳಲಾರದ ಉಭಯವಾಸಿಗಳು ಕಡಲು ದಾಟಿ ಬರುವುದು ಅಸಾಧ್ಯವೆಂದು ತೋರಿದರೂ, ಕಾಲಿಲ್ಲದ, ಹಳದಿ ಮೈಯ, ಎರೆಹುಳುವಿನಂತೆ ಮಣ್ಣಿನಲ್ಲಿ ಬದುಕುವ ಉಭಯವಾಸಿಯೊಂದು ಇಲ್ಲಿ ನೆಲೆಸಿದೆ. ಸ್ಥಳೀಯರು ಅದನ್ನು ಕೋಬ್ರಾ ಬೋಬೊ ಎನ್ನುತ್ತಾರೆ; ಪೋರ್ಚುಗೀಸಿನಲ್ಲಿ ಕೋಬ್ರಾ ಎಂದರೆ ಹಾವು. ನಿಜವಾದ ಹಾವು ಕೋಬ್ರಾ ಪ್ರೇಟಾ, ಅಂದರೆ ಕರಿಹಾವು. ಇದು ನಾಗರಹಾವಿನ ಕುಲದ್ದು, ವಿಷಪೂರಿತ. ಭೂಖಂಡದ ಹಾವನ್ನೇ ಜನರು ಇಲ್ಲಿಗೆ ತಂದು ಬಿಟ್ಟಿರಬೇಕು ಎಂದು ಬಹುಕಾಲ ಭಾವಿಸಲಾಗಿತ್ತು. 2017ರಲ್ಲಿ ಅದು ಈ ದ್ವೀಪಕ್ಕೇ ಸೀಮಿತವಾದ ಬೇರೆ ಪ್ರಭೇದವೆಂದು ವಿಜ್ಞಾನಿಗಳು ವಿವರಿಸಿ, ಹದಿನೈದನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ನಾವಿಕ ಪೆರೊ ಎಸ್ಕೊಬಾರನ ನೆನಪಿಗೆ ನಾಜಾ ಪೆರೊಎಸ್ಕೊಬಾರಿ ಎಂಬ ಹೆಸರಿಟ್ಟರು. ಶಿಖರದ ಬುಡಕ್ಕೆ ಹೋಗುವವರು ಉದ್ದ ಬೂಟು ಧರಿಸಬೇಕು, ಕಣ್ಣಿಗೆ ಕಾಣದ ಜಾಗಕ್ಕೆ ಕೈ ಹಾಕಬಾರದು ಎಂದು ಹೇಳುವುದು ಈ ಹಾವಿನ ಕಾರಣಕ್ಕೆ. ಬೆರಳುಗಳಿಂದ ಸಂದು ಹುಡುಕುವುದೇ ಕೆಲಸವಾಗಿರುವ ಆರೋಹಿಗೆ ಎರಡನೆಯ ಎಚ್ಚರಿಕೆಯನ್ನು ಪಾಲಿಸುವುದು ಎಷ್ಟು ಕಷ್ಟವೆಂದು ಊಹಿಸಬಹುದು.

ಹತ್ತುವ ಇತಿಹಾಸ ದೀರ್ಘವಾದುದಲ್ಲ. ದೇಶ ಸ್ವತಂತ್ರವಾದ ವರ್ಷವಾದ 1975ರಲ್ಲಿ ಪೋರ್ಚುಗಲ್ಲಿನ ಆರೋಹಿಗಳು ಈ ಗೋಡೆಗೆ ಕೈ ಹಾಕಿದರು. 1991ರಲ್ಲಿ ಜಪಾನಿನ ತಂಡವೊಂದು ಬಂದಿತು. ಆಮೇಲೆ ಸುಮಾರು ಕಾಲು ಶತಮಾನ ಶಿಖರ ಹೆಚ್ಚುಕಡಿಮೆ ತನ್ನ ಪಾಡಿಗೆ ತಾನಿತ್ತು. 2016ರಲ್ಲಿ ಗ್ಯಾಜ್ ಲೀಹ್ ಮತ್ತು ಸೆರ್ಜಿಯೊ ಅಲ್ಮಾದಾ ಅವರ ತಂಡ ಹೊಸ ದಾರಿಯೊಂದನ್ನು ತೆರೆದು ಅದಕ್ಕೆ ನುಬಿವಾಗಂಟ್ ಎಂದು ಹೆಸರಿಟ್ಟಿತು. ಮೋಡಗಳ ನಡುವೆ ಅಲೆಯುವುದು ಎಂಬುದು ಆ ಲ್ಯಾಟಿನ್ ಮೂಲದ ಪದದ ಅರ್ಥ. 2018ರಲ್ಲಿ ಸ್ಪೇನಿನ ಬಾಸ್ಕ್ ಪ್ರಾಂತದ ಸಹೋದರರಾದ ಇಕೇರ್ ಪೊವ್ ಮತ್ತು ಎನೆಕೊ ಪೊವ್ ತಮ್ಮ ಜೊತೆಗಾರರೊಂದಿಗೆ ಬಂದು ಲೆವೆ ಲೆವೆ ಎಂಬ ದಾರಿಯನ್ನು ಪೂರ್ತಿ ಮಾಡಿದರು. ಆ ಹೆಸರು ದ್ವೀಪದ ಜನರ ಬಾಯಲ್ಲಿ ಸದಾ ಇರುವ ಮಾತು. ನಿಧಾನ, ಆತುರ ಬೇಡ ಎಂಬ ಭಾವ ಅದರಲ್ಲಿದೆ. ಈ ಗೋಡೆಯ ಮೇಲೆ ಕೆಲಸ ಮಾಡಿದವರು ಇದಕ್ಕಿಂತ ಒಪ್ಪುವ ಹೆಸರನ್ನು ಆರಿಸಲಾರರು ಎಂದು ನನಗನ್ನಿಸುತ್ತದೆ.

ನುಬಿವಾಗಂಟ್ ದಾರಿಯ ಉದ್ದ ಸುಮಾರು 455 ಮೀಟರ್, ಅದು 15 ಹಂತಗಳಲ್ಲಿ ಹಂಚಿಕೊಂಡಿದೆ. ಈ ಹಂತವನ್ನು ಆರೋಹಿಗಳು ಪಿಚ್ ಎನ್ನುತ್ತಾರೆ. ಒಂದು ಹಗ್ಗದ ಉದ್ದಕ್ಕೆ ಮಿತಿಯಿರುವುದರಿಂದ ಇಡೀ ಗೋಡೆಯನ್ನು ಒಂದೇ ಉಸಿರಿಗೆ ಹತ್ತಲಾಗುವುದಿಲ್ಲ. ಮುಂದಾಳು ಮೊದಲು ಮೂವತ್ತು ನಲವತ್ತು ಮೀಟರ್ ಏರುತ್ತಾನೆ, ದಾರಿಯುದ್ದಕ್ಕೂ ಕಲ್ಲಿಗೆ ಜಡಿದ ಬೋಲ್ಟುಗಳಿಗೆ ಹಗ್ಗವನ್ನು ಸಿಕ್ಕಿಸುತ್ತಾ ಹೋಗುತ್ತಾನೆ, ಕೆಳಗಿನ ಜೊತೆಗಾರ ಹಗ್ಗವನ್ನು ಅಳೆದು ಬಿಡುತ್ತಾ ಅವನು ಜಾರಿದರೆ ಹಿಡಿಯಲು ಸಿದ್ಧನಾಗಿರುತ್ತಾನೆ. ಮುಂದಾಳು ಒಂದು ನೆಲೆ ಸೇರಿ ತನ್ನನ್ನು ಗೋಡೆಗೆ ಕಟ್ಟಿಕೊಂಡ ಮೇಲೆ ಜೊತೆಗಾರನನ್ನು ಮೇಲೆ ಬರಮಾಡಿಕೊಳ್ಳುತ್ತಾನೆ. ಅಲ್ಲಿಗೆ ಒಂದು ಪಿಚ್ ಮುಗಿಯಿತು. ಹಗ್ಗವನ್ನೋ ಬೋಲ್ಟನ್ನೋ ಹಿಡಿದು ಜಗ್ಗಿ ಏರುವುದು ಒಂದು ಕ್ರಮ. ಬೆರಳು ಮತ್ತು ಕಾಲ್ತುದಿಗಳನ್ನು ಮಾತ್ರ ನಂಬಿ ಏರಿ, ಹಗ್ಗವನ್ನು ಬಿದ್ದಾಗ ಹಿಡಿಯುವುದಕ್ಕಷ್ಟೇ ಇಟ್ಟುಕೊಳ್ಳುವುದು ಇನ್ನೊಂದು ಕ್ರಮ. ಎರಡನೆಯ ಕ್ರಮದಲ್ಲಿ ನುಬಿವಾಗಂಟ್, ಲೆವೆ ಲೆವೆ ಎರಡೂ ದಾರಿಗಳ ಅತಿ ಕಷ್ಟದ ಭಾಗಗಳು, ಹತ್ತುವ ಕಷ್ಟವನ್ನು ಅಳೆಯುವ ಫ್ರೆಂಚ್ ಶ್ರೇಣಿಯ 8ಬಿ ಆಸುಪಾಸಿನಲ್ಲಿವೆ. ವರ್ಷಗಟ್ಟಲೆ ಗಂಭೀರವಾಗಿ ಅಭ್ಯಾಸ ಮಾಡಿದವರಲ್ಲೂ ಹೆಚ್ಚಿನವರು ಒಣಗಿದ, ಶುಭ್ರವಾದ ಕಲ್ಲಿನ ಮೇಲೂ ಮುಟ್ಟಲಾಗದ ಶ್ರೇಣಿ ಅದು.

ಹೊಸ ದಾರಿ ತೆರೆಯುವಾಗಿನ ದೊಡ್ಡ ದುಡಿಮೆ ಬೋಲ್ಟ್ ಜಡಿಯುವುದು. ಬ್ಯಾಟರಿಯ ಡ್ರಿಲ್ಲನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಸೊಂಟಪಟ್ಟಿಯಿಂದ ನೇತಾಡುತ್ತಾ ಕಲ್ಲಿಗೆ ತೂತು ಕೊರೆಯಬೇಕು. ಕೊರೆದ ಪುಡಿಯನ್ನು ಬ್ರಷ್ಷಿನಿಂದ ತೆಗೆದು ಕೊಳವೆಯಿಂದ ಊದಬೇಕು, ಏಕೆಂದರೆ ಒದ್ದೆಯಾದ ಪುಡಿ ತೂತಿನ ಗೋಡೆಗೆ ಹಿಟ್ಟಿನಂತೆ ಮೆತ್ತಿಕೊಂಡರೆ ಬೋಲ್ಟನ್ನು ಕೂರಿಸುವ ಅಂಟು ಕಲ್ಲನ್ನು ಹಿಡಿಯುವುದಿಲ್ಲ. ಕಡಲು ದೂರವಿಲ್ಲದ ಉಷ್ಣವಲಯದಲ್ಲಿ ಇನ್ನೊಂದು ಆತಂಕವೂ ಇದೆ. ಉಪ್ಪಿನಂಶ, ಬಿಸಿ ಮತ್ತು ತೇವ ಸೇರಿದಲ್ಲಿ ತುಕ್ಕು ಹಿಡಿಯದೆಂದು ಹೆಸರಾದ ಸ್ಟೇನ್‌ಲೆಸ್ ಉಕ್ಕು ಸಹ ಒಳಗೊಳಗೇ ಕೂದಲೆಳೆಯಂತಹ ಬಿರುಕು ಬಿಡುತ್ತದೆ. ಮೇಲ್ನೋಟಕ್ಕೆ ಗಟ್ಟಿಯಾಗಿ ಕಾಣುವ ಬೋಲ್ಟು ಭಾರ ಬಿದ್ದೊಡನೆ ತುಂಡಾಗಬಹುದು. ಇಂಥ ಜಾಗಗಳಲ್ಲಿ ಅಂಟಿನಿಂದ ಕೂರಿಸುವ ಟೈಟಾನಿಯಂ ಬೋಲ್ಟುಗಳನ್ನು ಬಳಸಬೇಕೆಂದು ತಿಳಿದವರು ಹೇಳುವುದು ಇದಕ್ಕಾಗಿ. ಹಿಂದಿನವರು ಬಿಟ್ಟುಹೋದ ಬೋಲ್ಟುಗಳಿವೆ ಎಂಬ ಧೈರ್ಯದಿಂದ ಕಾವೊ ಗ್ರಾಂಡೆಗೆ ಹೊರಡುವುದು ಸರಿಯಲ್ಲ. ಪ್ರತಿಯೊಂದನ್ನೂ ಅನುಮಾನದಿಂದಲೇ ನೋಡಬೇಕು.

ಇಳಿಯುವಾಗಲೂ ಬಾಗಿದ ಗೋಡೆ ಕಾಡುತ್ತದೆ. ಸಾಮಾನ್ಯವಾಗಿ ಹಗ್ಗಕ್ಕೆ ಜೋತು ಇಳಿಯುವವನು ಕೆಳಗಿನ ನೆಲೆಯ ಎದುರಿಗೇ ಬಂದು ನಿಲ್ಲುತ್ತಾನೆ. ಗೋಡೆ ಮುಂದಕ್ಕೆ ಬಾಗಿದ್ದರೆ ಅವನು ಇಳಿದಂತೆಲ್ಲ ಕಲ್ಲು ಅವನಿಂದ ಹಿಂದೆ ಸರಿಯುತ್ತದೆ, ಕೊನೆಗೆ ನೆಲೆ ಕೈಗೆಟುಕದಷ್ಟು ದೂರದಲ್ಲಿ ಉಳಿದು ಅವನು ಗಾಳಿಯಲ್ಲಿ ತೂಗುತ್ತಿರುತ್ತಾನೆ. ಅದನ್ನು ತಪ್ಪಿಸಲು ಮೊದಲು ಇಳಿಯುವವನು ದಾರಿಯ ಬೋಲ್ಟುಗಳಿಗೆ ಹಗ್ಗವನ್ನು ಮತ್ತೆ ಸಿಕ್ಕಿಸುತ್ತಾ, ತನ್ನನ್ನು ಗೋಡೆಯ ಕಡೆಗೆ ಎಳೆದುಕೊಳ್ಳುತ್ತಾ ಇಳಿಯಬೇಕು. ಮೇಲಿನಿಂದ ಮಳೆ ಶುರುವಾದರೆ ಈ ಕೆಲಸಕ್ಕೆ ಗಂಟೆಗಳೇ ಹಿಡಿಯುತ್ತವೆ. ಏಟಾದರೆ ಹೆಲಿಕಾಪ್ಟರ್ ಬಂದು ಎತ್ತಿಕೊಂಡು ಹೋಗುತ್ತದೆ ಎಂಬ ಲೆಕ್ಕಾಚಾರ ಇಲ್ಲಿ ಇರಬಾರದು. ಗಾಯಗೊಂಡವನನ್ನು ತಂಡವೇ ಗೋಡೆಯಿಂದ ಇಳಿಸಿ, ಕಾಡು ದಾಟಿಸಿ, ದ್ವೀಪದ ಇನ್ನೊಂದು ತುದಿಯಲ್ಲಿರುವ ರಾಜಧಾನಿಗೆ ಸಾಗಿಸಬೇಕಾಗುತ್ತದೆ.

ಹೀಗಿರುವಾಗ ಸಾಮಾನ್ಯ ಪ್ರವಾಸಿ ಏನು ಮಾಡಬೇಕು? ಕಾವೊ ಗ್ರಾಂಡೆಯನ್ನು ನೋಡಲು ಹೋಗಬೇಕು, ಹತ್ತಲು ಅಲ್ಲ. ಇದು ಸೋಲಿನ ಮಾತಲ್ಲ. ಈ ಶಿಖರದ ವೈಶಿಷ್ಟ್ಯವೆಲ್ಲ ಅದರ ಬದಿಯಲ್ಲಿದೆ, ನೆತ್ತಿಯಲ್ಲಿಲ್ಲ; ಮೇಲೆ ನಿಂತವನಿಗೆ ಕಾಣಿಸದಿರುವ ಒಂದೇ ವಸ್ತುವೆಂದರೆ ಆ ಕಂಬವೇ.

ಸಾವೊ ಟೊಮೆಗೆ ಹೋಗುವ ವಿಮಾನಗಳಲ್ಲಿ ಮುಖ್ಯವಾದವು ಲಿಸ್ಬನ್‌ನಿಂದ ಹೊರಡುತ್ತವೆ. ಅಲ್ಲಿನ ಹಣ ಡೋಬ್ರಾ. ಅದರ ಬೆಲೆಯನ್ನು ಯೂರೊಗೆ ಕಟ್ಟಲಾಗಿದ್ದು, ಒಂದು ಯೂರೊಗೆ 24.5 ಡೋಬ್ರಾ. ದ್ವೀಪದಲ್ಲಿ ಮಲೇರಿಯಾ ಇರುವುದರಿಂದ ತಡೆ ಮಾತ್ರೆಗಳ ಬಗ್ಗೆ ಹೊರಡುವ ಮೊದಲೇ ವೈದ್ಯರನ್ನು ಕೇಳಬೇಕು, ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರವನ್ನೂ ಜೊತೆಗಿಟ್ಟುಕೊಳ್ಳಬೇಕು. ರಾಜಧಾನಿಯಿಂದ ದಕ್ಷಿಣಕ್ಕೆ ಹೋಗುವ ರಸ್ತೆ ಪೂರ್ವ ಕರಾವಳಿಯನ್ನು ಹಿಡಿದು ಸಾಂಟಾನಾ, ಸಾವೊ ಜೊವಾವೊ ದೊಸ್ ಅಂಗೊಲಾರೆಸ್ ಎಂಬ ಊರುಗಳ ಮೂಲಕ ಪೋರ್ಟೊ ಅಲೆಗ್ರೆಯ ಕಡೆಗೆ ಸಾಗುತ್ತದೆ. ಅಂಗೊಲಾರೆಸ್ ಎಂಬುದು ಜನರ ಹೆಸರು. ಕಬ್ಬಿನ ತೋಟಗಳ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಈ ದಕ್ಷಿಣದ ಕಾಡುಗಳಲ್ಲಿ ನೆಲೆ ಕಂಡವರ ವಂಶಜರು ಇವರೆಂದು ಇತಿಹಾಸಕಾರರಲ್ಲಿ ಅನೇಕರು ನಂಬುತ್ತಾರೆ. 1595ರಲ್ಲಿ ಗುಲಾಮರ ದೊಡ್ಡ ಬಂಡಾಯವನ್ನು ಮುನ್ನಡೆಸಿದ ಅಮಾಡೊರ್ ಇಂದು ದೇಶದ ವೀರಪುರುಷ. ಆರೋಹಿಯನ್ನು ತಡೆಯುವ ಕಡಿದು ಕಣಿವೆ, ಬಿಡದ ಮಳೆ ಮತ್ತು ದಟ್ಟ ಕಾಡು ಒಂದು ಕಾಲದಲ್ಲಿ ಬೆನ್ನಟ್ಟಿ ಬಂದವರನ್ನೂ ತಡೆದಿವೆ.

ಅಂಗೊಲಾರೆಸ್ ದಾಟಿ ರಿಬೇರಾ ಪೇಶೆಯ ಸುತ್ತಿನ ತಾಳೆ ಎಣ್ಣೆಯ ತೋಟಗಳನ್ನು ಹೊಕ್ಕಾಗ, ಸಾಲು ತಾಳೆಮರಗಳ ತಲೆಯ ಮೇಲೆ ಶಿಖರ ಒಮ್ಮೆಲೇ ಎದ್ದು ಕಾಣುತ್ತದೆ. ಹೆಚ್ಚಿನ ಛಾಯಾಚಿತ್ರಗಳು ತೆಗೆದಿರುವುದು ಇಲ್ಲಿಂದಲೇ. ಆ ಚಿತ್ರಗಳಲ್ಲಿ ಮುಂಭಾಗದ ಹಸಿರನ್ನು ನೋಡಿ ಅದೂ ಮೂಲ ಕಾಡೇ ಎಂದುಕೊಳ್ಳುವವರಿದ್ದಾರೆ. ಅದು ಒಂದೇ ಜಾತಿಯ ಮರಗಳನ್ನು ಅಳತೆಗೆ ನೆಟ್ಟ ತೋಟ. ಕುಳ್ಳ ಐಬಿಸ್ ಬದುಕಬಲ್ಲ ಓಬೊ ಶುರುವಾಗುವುದು ಅದರ ಆಚೆಗೆ. ಈ ವ್ಯತ್ಯಾಸವನ್ನು ಕಣ್ಣಾರೆ ಕಾಣಬೇಕೆಂದಾದರೆ ರಸ್ತೆಯಲ್ಲೇ ನಿಲ್ಲದೆ ಬುಡದವರೆಗೆ ನಡೆಯಬೇಕು.

ಬುಡದವರೆಗಿನ ನಡಿಗೆಗೆ ಹಗ್ಗ ಬೇಡ, ಆದರೆ ಸ್ಥಳೀಯ ಮಾರ್ಗದರ್ಶಿ ಬೇಕೇ ಬೇಕು. ತೋಟದ ಗಾಡಿದಾರಿ ಮುಗಿದ ಮೇಲೆ ಸಿಗುವುದು ಕೆಸರು, ಜಾರುವ ಬೇರು, ಹೊಳೆ ಮತ್ತು ಮಚ್ಚಿನಿಂದ ಬಿಡಿಸಿಕೊಂಡ ಕಾಲುಹಾದಿ. ಎರಡು ಮಳೆಗಾಲ ಯಾರೂ ನಡೆಯದಿದ್ದರೆ ಆ ಹಾದಿಯೂ ಮುಚ್ಚಿಹೋಗುತ್ತದೆ. ವಿಚಿತ್ರವೆಂದರೆ, ಇಷ್ಟು ದೂರದಿಂದ ಕಾಣುತ್ತಿದ್ದ ಶಿಖರ ಕಾಡು ಹೊಕ್ಕೊಡನೆ ಮರೆಯಾಗಿ, ಬುಡ ಮುಟ್ಟುವವರೆಗೂ ಸರಿಯಾಗಿ ಕಣ್ಣಿಗೆ ಬೀಳುವುದಿಲ್ಲ. ಹತ್ತಿ ಇಳಿದ ಸಂತೋಷವೂ ಬೇಕೆನ್ನುವವರು ಇನ್ನೆರಡು ದಿನಗಳನ್ನು ಪಿಕೊ ಡಿ ಸಾವೊ ಟೊಮೆಗೆ ಮೀಸಲಿಡಬಹುದು. ಬೊಮ್ ಸುಸೆಸ್ಸೊದ ಸಸ್ಯೋದ್ಯಾನದಿಂದ ಹೊರಡುವ ಆ ದಾರಿಯ ಸಮೀಪದಲ್ಲೇ ಲಗೋವಾ ಅಮೆಲಿಯಾ ಇದೆ. ಹೆಸರಿಗೆ ಅದು ಸರೋವರ. ಇರುವುದು ಜ್ವಾಲಾಮುಖಿಯ ಹಳೆಯ ಬಾಯಿ, ನೀರಿನ ಮೇಲೆ ಸಸ್ಯಗಳು ದಪ್ಪ ಚಾಪೆಯಂತೆ ಹೆಣೆದುಕೊಂಡಿವೆ. ಒಂದೇ ದ್ವೀಪದಲ್ಲಿ ಒಂದು ಕಡೆ ಬೆಟ್ಟ ಕರಗಿ ಬಿರಡೆ ಹೊರಬಂದಿದೆ, ಇನ್ನೊಂದು ಕಡೆ ಬಾಯಿ ಹಾಗೆಯೇ ಉಳಿದು ಹಸಿರಿನಿಂದ ತುಂಬಿಕೊಂಡಿದೆ.

ಯಾವ ಕಾಲದಲ್ಲಿ ಹೋದರೂ ದಕ್ಷಿಣದಲ್ಲಿ ಒಂದು ರಾತ್ರಿಯಾದರೂ ತಂಗುವುದು ಒಳ್ಳೆಯದು. ರಾಜಧಾನಿಯಿಂದ ಬೆಳಿಗ್ಗೆ ಹೊರಟು ಸಂಜೆ ಮರಳುವವರಿಗೆ ಶಿಖರದ ಜಾಗದಲ್ಲಿ ಬಿಳಿಯ ಮೋಡವಷ್ಟೇ ಕಾಣುವ ದಿನಗಳು ಬಹಳ. ಅಲ್ಲಿಯೇ ಉಳಿದವರಿಗೆ ನಸುಕಿನ ಹೊತ್ತು ಸಿಗುತ್ತದೆ. ಮೋಡ ಸೊಂಟದವರೆಗೆ ಇಳಿದಾಗ ಮೊದಲು ನೆತ್ತಿ, ಆಮೇಲೆ ನೀರು ಹರಿದ ಕಪ್ಪು ಗೆರೆಗಳು, ಅವುಗಳ ನಡುವೆ ಗಿಡ ಹಿಡಿದ ಹಸಿರು ಸಂದುಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಕಪ್ಪು ಗೆರೆ ಇಲ್ಲದ, ತಿಳಿಬೂದು ಬಣ್ಣದ ಪಟ್ಟಿ ಎಲ್ಲಿದೆ ಎಂದು ಆಗ ಗುರುತಿಸಿಕೊಳ್ಳಬಹುದು. ಗೋಡೆ ಮುಂದಕ್ಕೆ ಬಾಗಿ ಒಣಗಿರುವುದು ಅಲ್ಲಿ. ಹತ್ತಲು ಬಂದವರೂ ಮೊದಲು ಹುಡುಕುವುದು ಅದನ್ನೇ.